ಕೇಳಿ ಪಡೆದ ಗದ್ದೆ, ಕೊಟ್ಟು ಹೋದ ಕಾಂಕ್ರೀಟು

ಅಡಿಕೆ ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ಅಂಗಳದ ತುಂಬ ದರದರ ಎಳೆದವರಿಗೆ ಮಂಜರಿ ಮಾಕಿಜಾನಿ ನಿರ್ದೇಶಿಸಿದ ‘ಸ್ಕೇಟರ್ ಗರ್ಲ್’ ಚಿತ್ರದ ಆರಂಭ ಎಲ್ಲೋ ಕಂಡದ್ದೇ ಅನ್ನಿಸುತ್ತದೆ. ರಾಜಸ್ಥಾನದ ಉದಯಪುರದ ಹತ್ತಿರದ ಖೇಂಪುರದಲ್ಲಿ ಅಂಕುಶ್ ಎಂಬ ಹುಡುಗನ ಬಳಿ ಗಾಲಿ ಹಚ್ಚಿದ ಹಲಗೆಯೊಂದಿದೆ. ಗ್ಯಾರೇಜಿನಲ್ಲಿ ಕಾಡಿ ಬೇಡಿ ತಂದ ಹಳೆ ಬೇರಿಂಗಿನಿಂದ ನಮ್ಮ ಹುಡುಗರು ಮಾಡಿಕೊಳ್ಳುತ್ತಿದ್ದ ಗಾಡಿಗೂ ಅದಕ್ಕೂ ಹೆಚ್ಚು ದೂರವಿಲ್ಲ. ಲಂಡನ್ನಿನಲ್ಲಿ ಬೆಳೆದ ಜೆಸ್ಸಿಕಾ ತಂದೆಯ ಊರು ಹುಡುಕಿಕೊಂಡು ಅಲ್ಲಿಗೆ ಬರುತ್ತಾಳೆ, ಮಕ್ಕಳಿಗೆ ನಿಜವಾದ ಸ್ಕೇಟ್‌ಬೋರ್ಡ್ ಕೊಡಿಸುತ್ತಾಳೆ. ಅಂಕುಶನ ಅಕ್ಕ ಪ್ರೇರಣಾ ಹಲಗೆಯ ಮೇಲೆ ನಿಂತದ್ದೇ ಊರು ಎದ್ದು ಕೂರುತ್ತದೆ. 2021ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂದ ಈ ಚಿತ್ರವನ್ನು ನಮ್ಮ ಕರಾವಳಿಯ ಹಿರೇಗುತ್ತಿಯಂಥ ಊರಿನಲ್ಲಿ ಕೂತು ನೋಡಿದರೆ ಅದರ ಗಟ್ಟಿಯೂ ಪೊಳ್ಳೂ ಬೇರೆಯಾಗಿ ಕಾಣುತ್ತವೆ.

ಗಟ್ಟಿ ಇರುವುದು ಜಗಳದ ಭಾಗದಲ್ಲಿ. ಮಕ್ಕಳು ಬೋರ್ಡು ಹತ್ತಿ ಪೇಟೆಯೊಳಗೆ ನುಗ್ಗುತ್ತಾರೆ, ಶಾಲೆ ತಪ್ಪಿಸುತ್ತಾರೆ, ದೊಡ್ಡವರು ರೇಗುತ್ತಾರೆ, ಕೊನೆಗೆ ಸ್ಕೇಟಿಂಗ್ ನಿಷೇಧದ ಫಲಕವೇ ಬೀಳುತ್ತದೆ. ಇದನ್ನು ಹಳೆ ತಲೆಮಾರಿನ ಮೊಂಡುತನವೆಂದು ತಳ್ಳಿಬಿಡುವುದು ಸುಲಭ. ಆದರೆ ಈ ಆಟದ ಗುಣವೇ ಜಗಳ ತರುವಂಥದ್ದು. ಸ್ಕೇಟ್‌ಬೋರ್ಡಿನ ಪುಟ್ಟ ಗಾಲಿಗೆ ನುಣುಪು ನೆಲ ಬೇಕು. ಮಣ್ಣಂಗಳ, ಚಿರೆಕಲ್ಲಿನ ಪಾಗಾರ, ಗದ್ದೆಯ ಹಾಳಿ (ಬದು) ಇರುವ ನಮ್ಮಂಥ ಊರಿನಲ್ಲಿ ನುಣುಪಾದ ನೆಲ ಯಾವುದು? ದೇವಸ್ಥಾನದ ಜಗಲಿ, ಶಾಲೆಯ ವರಾಂಡ, ಪಂಚಾಯತಿ ಕಚೇರಿಯ ಮುಂದಿನ ಕಾಂಕ್ರೀಟು. ಮಿಕ್ಕದ್ದು ಊರನ್ನು ಸೀಳಿಕೊಂಡು ಹೋಗುವ 66ನೇ ರಾಷ್ಟ್ರೀಯ ಹೆದ್ದಾರಿ. ಅದು ಚತುಷ್ಪಥವಾದ ಮೇಲಂತೂ ದಾಟುವುದಕ್ಕೇ ಜೀವ ಕೈಯಲ್ಲಿ ಹಿಡಿಯಬೇಕು. ನುಣುಪು ನೆಲಕ್ಕೆಲ್ಲ ಒಬ್ಬ ಯಜಮಾನನಿದ್ದಾನೆ. ಹಾಗಾಗಿ ಈ ಆಟ ಹುಡುಗರನ್ನು ನೇರವಾಗಿ ಅಧಿಕಾರದ ಅಂಗಳಕ್ಕೇ ಒಯ್ದು ನಿಲ್ಲಿಸುತ್ತದೆ. ಕೆಳಜಾತಿಯ ಹುಡುಗಿಯೊಬ್ಬಳು ಹಾಗೆ ಬಂದು ನಿಂತರೆ ಊರು ಬೆಚ್ಚುವುದು ಗಾಲಿಯ ಸದ್ದಿಗಷ್ಟೇ ಅಲ್ಲ. ಇದನ್ನು ಚಿತ್ರ ಚೆನ್ನಾಗಿ ಅರಿತಿದೆ.

ಪೊಳ್ಳು ಶುರುವಾಗುವುದು ಜಗಳ ಬಗೆಹರಿಯುವ ಕಡೆ. ಮಕ್ಕಳಿಗೊಂದು ಸ್ಕೇಟಿಂಗ್ ಪಾರ್ಕು ಕಟ್ಟಲು ಜಾಗ ಕೇಳಿ ಅಲೆದ ಜೆಸ್ಸಿಕಾಗೆ ಎಲ್ಲೂ ಸಿಗದಿದ್ದಾಗ ಮಹಾರಾಣಿಯೊಬ್ಬರು ಭೂಮಿ ಕೊಡುತ್ತಾರೆ. ಆ ಪಾತ್ರದಲ್ಲಿ ವಹೀದಾ ರೆಹಮಾನ್ ಇದ್ದಾರೆ. ಅವರ ಮುಖದ ಘನತೆಯ ಮುಂದೆ ಪ್ರಶ್ನೆ ಕೇಳಲು ಬಾಯಿ ಬರುವುದಿಲ್ಲ. ಆದರೂ ಕೇಳಬೇಕು. ಊರಿನ ಮಕ್ಕಳಿಗೂ ಊರಿಗೂ ನಡೆಯಬೇಕಿದ್ದ ಮಾತುಕತೆ ಎಲ್ಲಿ ಹೋಯಿತು? ನಿಷೇಧದ ಫಲಕ ಹಾಕಿಸಿದವರು ಮನಸ್ಸು ಬದಲಿಸಿದರೇ, ಅರಮನೆಯ ಮಾತಿಗೆ ಸುಮ್ಮನಾದರೇ? ಹೊರಗಿನವಳು ಕೇಳಿದಳು, ಮೇಲಿನವರು ಕೊಟ್ಟರು. ನಡುವೆ ಊರು ಪ್ರೇಕ್ಷಕನಾಗಿ ಉಳಿಯಿತು.

ನಮ್ಮ ಕಡೆಯ ಹುಡುಗರಿಗೆ ಈ ಮಾತುಕತೆ ರೂಢಿಯಲ್ಲಿದೆ. ಭತ್ತದ ಕೊಯ್ಲು ಮುಗಿದ ಮೇಲೆ ಶೇಂಗಾ ಬಿತ್ತದ ಗದ್ದೆ ಯಾವುದೆಂದು ನೋಡಿಕೊಂಡು ಅದರ ಒಡೆಯನ ಮನೆಗೆ ಹೋಗುತ್ತಾರೆ. “ಆಡ್ಕಣ್ರೋ, ಹಾಳಿ ಮಾತ್ರ ಕೆಡಸ್ಬೇಡಿ” ಎಂಬ ಒಂದು ಮಾತು ಸಿಕ್ಕರೆ ಸಾಕು. ಕೂಳೆ ಕಿತ್ತು, ಹೆಂಟೆ ಒಡೆದು, ನೀರು ಹೊಯ್ದು, ತುಳಿದು ಹದಮಾಡಿದ ಮೇಲೆ ಅದು ಕ್ರಿಕೆಟ್ಟಿಗೂ ಸೈ, ಹೊನಲು ಬೆಳಕಿನ ವಾಲಿಬಾಲಿಗೂ ಸೈ, ಒಂದು ರಾತ್ರಿ ಯಕ್ಷಗಾನ ಬಯಲಾಟಕ್ಕೂ ಸೈ. ಮಳೆ ಬಿದ್ದೊಡನೆ ಗದ್ದೆ ಮತ್ತೆ ಗದ್ದೆ. ಮುಂದಿನ ವರ್ಷ ಮತ್ತೆ ಕೇಳಬೇಕು. ಹಿಂದಿನ ವರ್ಷ ಹಾಳಿ ಕೆಡಿಸಿದ್ದರೆ ಮಾತು ಕೇಳಿಸಿಕೊಳ್ಳಬೇಕು. ಹೋಳಿಯ ಹೊತ್ತಿಗೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದ ತಂಡ ಮನೆಮನೆಯ ಅಂಗಳಕ್ಕೆ ಬಂದು ಗದ್ದಲವೆಬ್ಬಿಸಿದರೂ ಯಾರೂ ಬಾಗಿಲು ಹಾಕಿಕೊಳ್ಳುವುದಿಲ್ಲ. ಆ ಗದ್ದಲಕ್ಕೆ ಒಂದು ಕಾಲವಿದೆ, ಒಂದು ಮರ್ಯಾದೆಯಿದೆ. ಈ ಏರ್ಪಾಡನ್ನು ಹೊಗಳುವಾಗ ಒಂದು ಕೊರತೆಯನ್ನೂ ಹೇಳಬೇಕು: ಗದ್ದೆ ಕೇಳಲು ಹೋಗುವವರು ಗಂಡುಹುಡುಗರು. ಹುಡುಗಿಯರಿಗೆ ಆ ಬಯಲಿನಲ್ಲಿ ಸಿಗುವುದು ಹೆಚ್ಚೆಂದರೆ ನೋಡುವ ಜಾಗ.

ಆ ಕೊರತೆಗೆ ಉತ್ತರ ಚಿತ್ರಕ್ಕಿಂತ ಚೆನ್ನಾಗಿ ಸಿಗುವುದು ಮಧ್ಯಪ್ರದೇಶದ ಪನ್ನಾ ಜಿಲ್ಲೆಯ ಜನ್ವಾರ್‌ನಲ್ಲಿ. ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ 2015ರಲ್ಲಿ ಅಲ್ಲಿ ಸ್ಕೇಟ್‌ಪಾರ್ಕ್ ಕಟ್ಟಿಸಿದರು. ನಿಯಮ ಎರಡೇ: ಶಾಲೆಗೆ ಹೋಗದಿದ್ದರೆ ಸ್ಕೇಟಿಂಗ್ ಇಲ್ಲ, ಹುಡುಗಿಯರಿಗೆ ಮೊದಲ ಸರದಿ. ಪೋಷಕರ ದೂರಿಗೆ ಮೊದಲನೆಯದು ಜವಾಬು, ಊರಿನ ರೂಢಿಗೆ ಎರಡನೆಯದು ಸವಾಲು. ಒಬ್ಬರ ಮುಖ ಒಬ್ಬರು ನೋಡದಿದ್ದ ಆದಿವಾಸಿ ಮತ್ತು ಯಾದವರ ಮಕ್ಕಳು ಒಂದೇ ಇಳಿಜಾರಿನಲ್ಲಿ ಸರದಿ ಕಾಯತೊಡಗಿದರು. ಅಲ್ಲಿನ ಆಶಾ ಗೋಂಡ್ 2018ರಲ್ಲಿ ಚೀನಾದ ನಾಂಜಿಂಗ್‌ನ ವಿಶ್ವ ಚಾಂಪಿಯನ್‌ಷಿಪ್‌ವರೆಗೆ ಹೋದಳು. ಅಲ್ಲಿಯೂ ಮೊದಲ ಹೆಜ್ಜೆ ಹೊರಗಿನವರದ್ದೇ, ನಿಜ. ಆದರೆ ಅವರು ನೆಲದ ಜೊತೆಗೆ ನಡವಳಿಕೆಯನ್ನೂ ಕಟ್ಟಿದರು.

ನೆಲವನ್ನು ತಾವೇ ಕಟ್ಟಿಕೊಳ್ಳುವುದಕ್ಕೆ ನಮ್ಮ ರಾಜ್ಯದ ಪಾಠ ಬೆಂಗಳೂರಿನದ್ದು. ಅಲ್ಲಿನ ಹೋಲಿಸ್ಟೋಕ್ಡ್ ಕಲೆಕ್ಟಿವ್ ಎಂಬ ಸ್ಕೇಟಿಂಗ್ ತಂಡದ ಹುಡುಗರು ಮಹಾರಾಣಿಗಾಗಿ ಕಾಯಲಿಲ್ಲ. ತಾವೇ ಸಿಮೆಂಟು ಕಲಸಿ ಇಳಿಜಾರು ಕಟ್ಟುವುದನ್ನು ಕಲಿತರು. ಕಂಪನಿಯೊಂದರ ನೆರವಿನಿಂದ 2013ರಲ್ಲಿ ಯಾರು ಬೇಕಾದರೂ ಬಂದು ಆಡುವ ಪಾರ್ಕು ಮಾಡಿದರು. ಅದೇ ನಗರದ ಅತಿತಾ ವರ್ಗೀಸ್ 2015ರಲ್ಲಿ ‘ಗರ್ಲ್ ಸ್ಕೇಟ್ ಇಂಡಿಯಾ’ ಆರಂಭಿಸಿ ಹುಡುಗಿಯರನ್ನು ಹಲಗೆ ಹತ್ತಿಸಿದರು. ಕರಣೆ ಹಿಡಿದ ಕೈಗೆ ಬಿರುಕು ಎಲ್ಲಿ ಬಿಡುತ್ತದೆಂದು ಗೊತ್ತಿರುತ್ತದೆ; ಬಿಟ್ಟಾಗ ಮುಚ್ಚುವ ಹೊಣೆಯೂ ಅದರದ್ದೇ ಆಗುತ್ತದೆ. ಗದ್ದೆಯ ಕೂಳೆ ಕಿತ್ತವನಿಗೆ ಹಾಳಿಯ ಮೇಲೆ ಇರುವ ಕಾಳಜಿಯೇ ಇದು.

ಚಿತ್ರದ ಇನ್ನೊಂದು ದೌರ್ಬಲ್ಯ ಅದರ ಅವಸರದ ಅಂತ್ಯ. ಪ್ರೇರಣಾಳ ಮದುವೆಯ ದಿನವೇ ಸ್ಕೇಟಿಂಗ್ ಸ್ಪರ್ಧೆ. ಅವಳು ಮದುವೆ ಬಿಟ್ಟು ಓಡಿ ಬರಬೇಕು, ಅಪ್ಪ ನೋಡಿ ಕರಗಬೇಕು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ 13 ವರ್ಷದ ಮೋಮಿಜಿ ನಿಶಿಯಾ ಸ್ಕೇಟ್‌ಬೋರ್ಡಿಂಗಿನ ಚಿನ್ನ ಗೆದ್ದ ಮೇಲೆ ಸ್ಪರ್ಧೆಯ ಮಾತಿಗೆ ತೂಕ ಬಂದಿದೆ, ಸರಿ. ಆದರೆ ಸಂಜೆ ಒಂದು ಗಂಟೆ ಆಡಿ ಮನೆಗೆ ಹೋಗುವ ಹುಡುಗಿಗೂ ಜಾಗ ಬೇಕಲ್ಲ? ವಾಲಿಬಾಲ್ ಆಡುವ ನಮ್ಮ ಹುಡುಗರನ್ನು ಯಾರೂ ಪದಕ ತಂದು ತೋರಿಸು ಎನ್ನುವುದಿಲ್ಲ.

ಚಿತ್ರೀಕರಣಕ್ಕೆಂದು 45 ದಿನಗಳಲ್ಲಿ ಕಟ್ಟಿದ 14,500 ಚದರಡಿಯ ಪಾರ್ಕನ್ನು ತಂಡದವರು ಕೆಡವದೆ ಖೇಂಪುರದ ಮಕ್ಕಳಿಗೇ ಬಿಟ್ಟುಹೋದರು. ಕ್ಯಾಮೆರಾದೊಳಗಿನ ಎಷ್ಟೋ ದೃಶ್ಯಗಳಿಗಿಂತ ಅದು ದೊಡ್ಡ ಕೆಲಸ. ಆದರೆ ಗದ್ದೆಯನ್ನು ಮಳೆ ಪ್ರತಿ ವರ್ಷ ಒಡೆಯನಿಗೆ ಮರಳಿಸುತ್ತದೆ, ಹುಡುಗರನ್ನು ಮತ್ತೆ ಅವನ ಮನೆ ಬಾಗಿಲಿಗೆ ಕಳಿಸುತ್ತದೆ. ಕಾಂಕ್ರೀಟಿಗೆ ಆ ಮಳೆಯಿಲ್ಲ. ಒಮ್ಮೆ ಸುರಿದರೆ ಮುಗಿಯಿತು. ಆದ್ದರಿಂದ ಇಂಥದ್ದೊಂದು ಪಾರ್ಕು ನಾಳೆ ನಮ್ಮ ಕರಾವಳಿಯ ಊರಿಗೆ ಬರುವುದಾದರೆ, ಬರಲಿ. ಸಿಮೆಂಟು ಸುರಿಯುವ ಮೊದಲು ಆ ಬಾಗಿಲಿಗೊಮ್ಮೆ ಹೋಗಿ ಬರಲಿ. ಈ ಸಲ ಕೇಳಲು ಹೋಗುವವರಲ್ಲಿ ಹುಡುಗಿಯರೂ ಇರಲಿ.