ಮೊಹರು, ಹಲಗೆ, ವಿಡಿಯೊ

ಬೀದರ ಕಡೆ ಸುದ್ದಿ ಬಂತೆಂದರೆ ಮೊದಲ ಪ್ರಶ್ನೆ ‘ಖರೇ ಏನ್?’, ಅದರ ಬೆನ್ನಿಗೇ ‘ಯಾರ್ ಹೇಳಿದ್ರು?’ ಹೇಳಿದವರು ಗುರುತಿನವರಾದರೆ ಅರ್ಧ ಸಾಕ್ಷಿ ಸಿಕ್ಕಂತೆ. ಉಳಿದರ್ಧಕ್ಕೆ ಕಣ್ಣಿಗೆ ಕಾಣುವ ಕುರುಹೊಂದು ಸಾಕು. ಇದನ್ನು ಮೌಢ್ಯವೆಂದು ತಳ್ಳುವಂತಿಲ್ಲ. ಅಡತಿಯಲ್ಲಿ ತೊಗರಿ ಮಾರಲು ಬಂದ ರೈತ ಮಾತುಮಾತಿಗೂ ಪುರಾವೆ ಕೇಳುತ್ತ ಕೂತರೆ ವ್ಯವಹಾರವೇ ಸಾಗದು. ಆದರೆ ಕುರುಹು ನಿಜವಿದ್ದು, ಅದಕ್ಕೆ ಅಂಟಿಸಿದ ಮಾತು ಸುಳ್ಳಾದರೆ?

ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗವಾನ್ 1481ರಲ್ಲಿ ಸತ್ತದ್ದು ಹೀಗೆಯೇ. ವಿರೋಧಿಗಳು ಖಾಲಿ ಹಾಳೆಗೆ ಅವನ ಮೊಹರು ಒತ್ತಿಸಿಕೊಂಡು, ಒಡಿಶಾದ ದೊರೆಗೆ ದಂಡೆತ್ತಿ ಬರಲು ಕರೆಕೊಟ್ಟಂತೆ ಪತ್ರ ಬರೆದರು. ಮೊಹರು ಅವನದೇ, ಸುಲ್ತಾನನಿಗೆ ಅಷ್ಟೇ ಸಾಕಾಯಿತು.

2018ರ ಜುಲೈ 13ರಂದು ಔರಾದ ಸೀಮೆಯ ಮುರ್ಕಿಯಲ್ಲಿ ಸುಲ್ತಾನನ ಜಾಗದಲ್ಲಿ ಜನರೇ ನಿಂತಿದ್ದರು. ಹೈದರಾಬಾದಿನಿಂದ ಕಾರಿನಲ್ಲಿ ಬಂದ ಗೆಳೆಯರು ಹತ್ತಿರದ ಊರೊಂದರಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಗುಮಾನಿ ಹಬ್ಬಿತು. ಗೆಳೆಯರು ಕಾರು ಹತ್ತಿ ಓಡಿದರು, ಅವರ ವಿಡಿಯೊ ವಾಟ್ಸಾಪಿನಲ್ಲಿ ಕಾರಿಗಿಂತ ಮುಂಚೆ ಮುರ್ಕಿ ಮುಟ್ಟಿತು. ಜನ ದಾರಿಗೆ ಅಡ್ಡಗಟ್ಟಿ ಹೊಡೆದರು. ಗೆಳೆಯರಲ್ಲೊಬ್ಬ, ಸಾಫ್ಟ್‌ವೇರ್ ಇಂಜಿನಿಯರ್, ಪ್ರಾಣ ಬಿಟ್ಟ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಕಾರು ಖರೆ, ಚಾಕೊಲೇಟ್ ಖರೆ, ಓಡಿದ್ದೂ ಖರೆ. ‘ಕಳ್ಳರಲ್ಲದಿದ್ದರೆ ಓಡುವುದೇಕೆ’ ಎಂಬ ತರ್ಕಕ್ಕೆ, ಹೆದರಿದವನೂ ಓಡುತ್ತಾನೆಂಬುದು ಹೊಳೆಯಲಿಲ್ಲ.

ಹಾಗಾದರೆ ಸಾಮಾನ್ಯರಿಗೆ ಕುರುಹನ್ನೂ ಹುರುಳನ್ನೂ ಬೇರೆ ಮಾಡಿ ನೋಡಲು ಬಾರದೆ? ಬರುತ್ತದೆ ಎನ್ನಲು ಭಾಲ್ಕಿಯೇ ಸಾಕ್ಷಿ. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಹಲಗೆ ಹೇಳಿದ್ದು ಸುಳ್ಳು. ಆದರೂ ಈ ನಾಡು ಅವರನ್ನು ಸುಳ್ಳುಗಾರ ಎನ್ನಲಿಲ್ಲ. ಇಂದಿಗೂ ಅಭಿಮಾನದಿಂದ ಆ ಕತೆ ಹೇಳುತ್ತದೆ. ಮಕ್ಕಳನ್ನು ಕಳಿಸಿದವರು ಹಲಗೆ ಓದಿ ತೀರ್ಪು ಕೊಡಲಿಲ್ಲ, ಒಳಗಿನ ಪಾಠ ನೋಡಿದರು. ಆ ಸುಳ್ಳು ಹೇಳಿದವರೇ ಅದರ ಅಪಾಯವನ್ನೂ ಹೊತ್ತಿದ್ದರು.

ಮುರ್ಕಿಯಲ್ಲಿ ಅಪಾಯವೆಲ್ಲ ಇನ್ನೊಬ್ಬರ ಮೇಲೆ ಬಿತ್ತು. ನಮ್ಮ ಸತ್ಯದ ರೂಢಿಯಲ್ಲಿರುವ ಕೊರತೆ ಇಲ್ಲಿದೆ: ಹೇಳಿದವನನ್ನು ಚೆನ್ನಾಗಿ ಅಳೆಯುತ್ತೇವೆ, ಯಾರ ಮೇಲೆ ಹೇಳಿದರೋ ಅವನ ಮಾತು ಕೇಳುವುದಿಲ್ಲ. ‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆ ನಮ್ಮಲ್ಲೇ ಇದೆ. ಮುರ್ಕಿಯ ಘಟನೆ ನಡೆದ ತಿಂಗಳಲ್ಲೇ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡ್ ಮಿತಿಯನ್ನು 5ಕ್ಕೆ ಇಳಿಸುವುದಾಗಿ ಹೇಳಿತು. ಅದರಿಂದ ವದಂತಿಯ ಓಟ ತಗ್ಗೀತು. ಆದರೆ ಆರೋಪ ಹೊತ್ತವನಿಗೆ ಬಾಯಿ ತೆರೆಯಲು ಬಿಡುವ ವ್ಯವಧಾನವನ್ನು ಯಾವ ಕಂಪನಿಯೂ ಕೊಡಲಾರದು, ಅದು ಜನರಿಂದಲೇ ಬರಬೇಕು.