ಚೌಡಿಕೆ ಬೇಕು, ಮುತ್ತು ಬೇಡ

ಚೌಡಿಕೆ ಪದಗಳ ಬಗ್ಗೆ ಬಂದಿರುವ ಬಹುಪಾಲು ಬರಹಗಳಲ್ಲಿ ಎಲ್ಲಮ್ಮನ ಕಥೆ ಸಿಗುತ್ತದೆ, ಪಾಠಾಂತರ ಸಿಗುತ್ತದೆ. ವಾದ್ಯ ಮಾಡಿದ ಕೈ ಸಿಗುವುದಿಲ್ಲ. ಅದು ಒಬ್ಬ ಹೆಣ್ಣುಮಗಳ ಕಂಕುಳಿಗೆ ಬಂದದ್ದು ಹೇಗೆ ಅಂತ ಕೇಳಿದರೆ 'ಪರಂಪರೆ' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡ್ತಾರೆ.

ವಾದ್ಯವನ್ನೇ ಬಿಚ್ಚಿ ನೋಡೋಣ. ಸೇರಿನ ಆಕಾರದ ಪೊಳ್ಳು ಮರದ ಕೊಳಗ. ತಳದ ಬಾಯಿಗೆ ಚರ್ಮ. ಚರ್ಮದ ನಡುವಿನ ತೂತಿನಿಂದ ಒಂದು ತಂತಿ ಮೇಲೆ ಬರುತ್ತದೆ. ಜಾರದಂತೆ ಕೆಳಗೊಂದು ಗುಂಡಿ. ಕೊಳಗದ ಹೊರಮೈಗೆ ಬಡಿದ ಕೋಲು, ಅದರ ತುದಿಗೆ ಬಿರಡೆ. ಇಷ್ಟೇ. ಆದರೆ ಹಸಿ ಚರ್ಮ ನೆನೆಸಿ, ಕೂದಲು ಹೆರೆದು, ಒದ್ದೆಯಿರುವಾಗಲೇ ಎಳೆದು ಬಿಗಿಯಬೇಕು. ಬಿಗಿ ಎಲ್ಲ ಕಡೆ ಒಂದೇ ಸಮ ಇರದಿದ್ದರೆ ನಾದ ಕೆಡುತ್ತದೆ. ಇದು ವಿದ್ಯೆಯಲ್ಲವೇ? ಚರ್ಮ ಹದ ಮಾಡಿದವನನ್ನು ಊರಾಚೆ ಇಟ್ಟವರಿಗೆ ಆ ಚರ್ಮದ ನಾದ ಮಾತ್ರ ಬೇಕಾಯಿತು!

ನುಡಿಸುವುದೂ ಸುಲಭವಲ್ಲ. ಎಡಗಂಕುಳಲ್ಲಿ ಅವುಚಿ, ಬಲಗೈಯಿಂದ ಮೀಟಬೇಕು. ಇರುವುದು ಒಂದೇ ತಂತಿ. ಶ್ರುತಿಯೂ ಅದೇ, ಲಯವೂ ಅದೇ. ಕೈ ತಪ್ಪದೆ ಕಥೆ ಹಾಡಬೇಕು, ಮೇಳವನ್ನೂ ನಡೆಸಬೇಕು. ವೀಣೆಗೆ ಪಠ್ಯವುಂಟು, ವಿದ್ವತ್ ಪರೀಕ್ಷೆಯುಂಟು. ಇದನ್ನು ಕಲಿತ ಜೋಗತಿಗೆ ಸಿಕ್ಕಿದ್ದು ಜೋಳಿಗೆಯ ಕಾಳು.

ಇನ್ನೊಂದು ಸತ್ಯವನ್ನೂ ಹೇಳಬೇಕು. ಎಷ್ಟೋ ದಲಿತ ಹೆಣ್ಣುಮಕ್ಕಳ ಕೈಗೆ ಚೌಡಿಕೆ ಬಂದದ್ದು ಕೊರಳಿಗೆ ಮುತ್ತು ಕಟ್ಟಿದ ಮೇಲೆ. ಮುತ್ತು ಎಂದರೆ ಮದುವೆಯಿಲ್ಲ. ಉಳ್ಳವರ ಹಸಿವಿಗೆ ದೇವಿಯ ಹೆಸರಿನ ಪರವಾನಗಿ. 1934ರಲ್ಲಿ ಮುಂಬಯಿ ಪ್ರಾಂತ್ಯ, 1982ರಲ್ಲಿ ಕರ್ನಾಟಕ ದೇವದಾಸಿ ಪದ್ಧತಿಯ ವಿರುದ್ಧ ಕಾಯಿದೆ ತಂದವು. ನಡುವೆ ಅರ್ಧ ಶತಮಾನ ಹೋಯಿತು, ಪದ್ಧತಿ ಹೋಗಲಿಲ್ಲ. 2021ರಲ್ಲಿ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದದ್ದು ಸಂತೋಷವೇ. ಆದರೆ ಒಬ್ಬರಿಗೆ ಬಂದ ಗೌರವ ಕೇರಿಯ ಉಳಿದ ಜೋಗತಿಯರ ಅನ್ನವಾಗುವುದಿಲ್ಲ.

ಹಾಗಾದರೆ ಚೌಡಿಕೆಯನ್ನೇ ಸುಡೋಣ ಅನ್ನುವ ಗೆಳೆಯರಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದು, ತೀರ್ಮಾನ ಅಲ್ಲ. ಮುತ್ತು ಕಟ್ಟಿದ್ದು ಪುರೋಹಿತಶಾಹಿ ಮತ್ತು ಜಮೀನ್ದಾರಿ. ತಂತಿ ಕಟ್ಟಿದ್ದು ನಮ್ಮ ಜನ. ಅವರ ಪಾಪಕ್ಕೆ ನಮ್ಮ ವಿದ್ಯೆಯನ್ನು ಯಾಕೆ ಸುಡಬೇಕು? ಹಾಗೆಂದು ಚೌಡಿಕೆಯನ್ನು ಉತ್ಸವದ ವೇದಿಕೆಗೇರಿಸಿ ಮುತ್ತಿನ ಮಾತನ್ನು ಮುಚ್ಚಿಡುವುದೂ ಮೋಸವೇ.

ಹಳ್ಳಿಯ ಮೇಷ್ಟರುಗಳಿಗೆ ಒಂದು ಮಾತು. ತಳ ತೆಗೆದ ಡಬ್ಬಿ, ಒಂದು ಬಿದಿರು ಕೋಲು, ಸೈಕಲ್ ಬ್ರೇಕ್ ತಂತಿಯ ಒಂದೆಳೆ, ಅಂಗೈಯಗಲದ ಆಡಿನ ಚರ್ಮ ಇದ್ದರೆ ಶಾಲೆಯಲ್ಲೇ ಮಕ್ಕಳು ಇಂಥ ವಾದ್ಯ ಮಾಡಬಹುದು. ಚರ್ಮ ಬಿಗಿಯಲು ಕೇರಿಯ ಹಿರಿಯರನ್ನು, ಮೀಟಲು ಜೋಗತಿ ಅವ್ವನನ್ನು ಕರೆಯಿರಿ. ಕುರ್ಚಿ ಕೊಡಿ, ಕೂಲಿಯನ್ನೂ ಕೊಡಿ. ಎಲ್ಲ ಜಾತಿಯ ಮಕ್ಕಳೂ ಆ ಚರ್ಮ ಮುಟ್ಟಲಿ. ಮುತ್ತಿನ ಕಥೆಯನ್ನೂ ಅವ್ವನ ಬಾಯಿಂದಲೇ ಕೇಳಲಿ, ಆಕೆಗೆ ಹೇಳುವ ಮನಸ್ಸಿದ್ದರೆ.