ಮುಳಶಿಯ ದಂಡೆಯಲ್ಲಿ ಬಾಸ್ಮತಿ

ಪುಣೆಯ ಕನ್ನಡ ಮನೆಗಳಲ್ಲಿ ಅರವತ್ತರ ಶಾಂತಿಯೋ, ಐವತ್ತನೇ ಮದುವೆ ದಿನವೋ, ಮಗಳಿಗೆ ನೌಕರಿ ಸಿಕ್ಕ ಖುಷಿಯೋ ಬಂದಾಗ ಯಾರಾದರೊಬ್ಬರು ಮೆಲ್ಲಗೆ ಮಾತು ತೆಗೆಯುತ್ತಾರೆ: ಈ ಸಲ ಮುಳಶಿ ಕಡೆ ಒಂದು ದೊಡ್ಡ ರಿಸಾರ್ಟಿನಲ್ಲಿ ರಾತ್ರಿ ಊಟ ಇಟ್ಟುಕೊಂಡರೆ ಹೇಗೆ? ಅಲ್ಲಿಗೆ ಮನೆ ಎರಡು ಪಾಲಾಯಿತು. ಹಿರಿಯರಿಗೆ ಅದು ದುಡ್ಡು ದಂಡ. ಅಷ್ಟೇ ದುಡ್ಡಿಗೆ ಅಡಿಗೆಯವರನ್ನು ಕರೆಸಿ, ಎಲೆ ಹಾಕಿಸಿ, ಬಳಗಕ್ಕೆಲ್ಲ ಹೋಳಿಗೆ ಊಟ ಹಾಕಬಹುದು ಎಂದು ಅವರು ಲೆಕ್ಕ ಒಪ್ಪಿಸುತ್ತಾರೆ. ಕಿರಿಯರು ಸುಮ್ಮನಿರುವುದಿಲ್ಲ: ಅಲ್ಲಿಗೆ ಊಟಕ್ಕೆಂದು ಯಾರು ಹೋಗುತ್ತಾರೆ, ಆ ನೀರು, ಆ ಬೆಟ್ಟ, ಆ ಗಾಳಿಗೆ ಹೋಗುವುದು. ವರ್ಷಗಳಿಂದ ಈ ವಾದ ಕೇಳಿದ ಮೇಲೆ ನನಗೆ ಹೊಳೆದದ್ದಿಷ್ಟು. ಜಗಳವಾಡುವ ಇಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿದ್ದಾರೆ. ಅಲ್ಲಿ ಊಟ ಮುಖ್ಯವಲ್ಲ ಎನ್ನುವುದು ಇಬ್ಬರಿಗೂ ಒಪ್ಪಿಗೆ. ನನ್ನ ತಕರಾರು ಇರುವುದು ಈ ಒಮ್ಮತದ ಮೇಲೆ.

ಮೊದಲು ಹಿರಿಯರ ಮಾತು. ಮನೆ ಊಟಕ್ಕೆ ಸಮನಾದದ್ದು ಇಲ್ಲ ಎಂಬುದು ನಮ್ಮಲ್ಲಿ ಯಾರೂ ಎದುರಾಡದ ಮಾತಾಗಿದೆ. ರುಚಿಯ ಮಟ್ಟಿಗೆ ಅದು ಎಷ್ಟೋ ಸಲ ನಿಜವೂ ಹೌದು. ಆದರೆ ಆ ಊಟದ ಖರ್ಚು ಬರೆಯುವಾಗ ಬೆಲ್ಲ, ಕಡಲೆಬೇಳೆ, ತುಪ್ಪ ಬರೆಯುತ್ತೇವೆ. ನಸುಕಿನಲ್ಲಿ ಎದ್ದು ಹೂರಣ ಅರೆದವಳ ದಣಿವನ್ನು ಬರೆಯುವುದಿಲ್ಲ. ಯಾರ ಹುಟ್ಟುಹಬ್ಬವೋ ಅವಳೇ ಒಲೆಯ ಮುಂದೆ ನಿಂತ ಮನೆಗಳು ಎಷ್ಟಿಲ್ಲ? ಅಡಿಗೆಯವರು ಬಂದರೂ ಮನೆಯ ಹೆಂಗಸರು ಕೂರುವುದಿಲ್ಲ. ತುಪ್ಪ ಹಾಕುವುದು, ಮಕ್ಕಳಿಗೆ ಕಲಸಿ ಕೊಡುವುದು, ತಡವಾಗಿ ಬಂದ ಬೀಗರಿಗೆ ಉಪಚಾರ ಹೇಳುವುದು ಎಲ್ಲ ಮುಗಿದು ಅವರು ಕಡೆಯ ಪಂಕ್ತಿಗೆ ಬರುವಷ್ಟರಲ್ಲಿ ಸಾರು ಆರಿರುತ್ತದೆ, ಹಪ್ಪಳ ಮೆತ್ತಗಾಗಿರುತ್ತದೆ. ದುಡ್ಡು ದಂಡ ಎನ್ನುವವರು ಮೊದಲ ಪಂಕ್ತಿಯಲ್ಲಿ ಉಂಡೆದ್ದವರು ಎಂಬುದನ್ನೂ ಹೇಳಲೇಬೇಕು.

ನಮ್ಮ ಸೋದರತ್ತೆಯ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಮುಳಶಿಯ ರಿಸಾರ್ಟಿನಲ್ಲಿ ಇಂಥದೊಂದು ಊಟವಾಯಿತು. ವಿಜಯಪುರದಿಂದ ಮದುವೆಯಾಗಿ ಪುಣೆಗೆ ಬಂದವಳು. ಕೋಥರೂಡಿನ ಮನೆಯಲ್ಲಿ ಹಬ್ಬಹುಣ್ಣಿಮೆಗೆ ಬಂದವರನ್ನೆಲ್ಲ ಉಣಿಸಿ, ಕೊನೆಗೆ ಅಡಿಗೆಮನೆಯ ಮಣೆಯ ಮೇಲೆ ಒಬ್ಬಳೇ ಕೂತು ಉಂಡವಳು. ಜಲಾಶಯದ ದಂಡೆಯ ಆ ಹೋಟೆಲಿನಲ್ಲಿ ಬಡಿಸುವ ಹುಡುಗ ಬಟ್ಟಲು ಹಿಡಿದು ಮೊದಲು ಬಂದದ್ದು ಅವಳ ಹತ್ತಿರ. ಟೊಮೆಟೊ ಸಾರಿನಂಥದೊಂದು ಸೂಪು, ಹೊಗೆಯಾಡುತ್ತಿತ್ತು. ಅತ್ತೆ ಎರಡು ಚಮಚ ಕುಡಿದು, ಪಕ್ಕದಲ್ಲಿದ್ದ ಸೊಸೆಗೆ, "ಇಷ್ಟು ಬಿಸಿ ಇದ್ದಾಗ ನಾ ಕೂತು ಉಂಡಿದ್ದು ನೆನಪಿಲ್ಲ ನೋಡವಾ" ಅಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಕೇಳಿದ ನಮಗೆಲ್ಲ ತಲೆ ತಗ್ಗಿತು. ಆ ರಾತ್ರಿಯ ಬಿಲ್ಲು ದುಬಾರಿ ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ಮನೆಯಲ್ಲೇ ಇದನ್ನು ಮಾಡಬಹುದಿತ್ತಲ್ಲ ಎನ್ನುವವರಿಗೆ ನನ್ನ ಉತ್ತರ: ಮಾಡಬಹುದಿತ್ತು, ಮಾಡಲಿಲ್ಲ.

ಹಾಗಂತ ಹೋಟೆಲನ್ನು ಸುಮ್ಮನೆ ಬಿಡಲಾಗುವುದಿಲ್ಲ. ಅದೇ ರಾತ್ರಿ ಮುಂದೆ ನಡೆದದ್ದನ್ನು ಕೇಳಿ. ಸೂಪಿನ ನಂತರ ಬಿಸಿಯ ಕಥೆ ಮುಗಿಯಿತು. ದೀಪ ಆರಿಸಿ, ಕೇಕು ತಂದು, ಸಿಬ್ಬಂದಿಯೆಲ್ಲ ಸುತ್ತ ನಿಂತು ಇಂಗ್ಲಿಷಿನಲ್ಲಿ ಹುಟ್ಟುಹಬ್ಬದ ಹಾಡು ಹೇಳಿ, ಫೋಟೋ ತೆಗೆದು ಮುಗಿಯುವಷ್ಟರಲ್ಲಿ ಮೇಜಿನ ಮೇಲಿನ ರೋಟಿ ರಟ್ಟಾಗಿತ್ತು. ಪನೀರು ಮಖನಿ, ದಾಲ್, ವೆಜ್ ಕೊಲ್ಹಾಪುರಿ, ನೂಡಲ್ಸು. ಬೆಂಗಳೂರಿನ ಮದುವೆ ಛತ್ರದಲ್ಲಿ, ಚಿಕ್ಕಮಗಳೂರಿನ ಕಾಫಿ ತೋಟದ ರಿಸಾರ್ಟಿನಲ್ಲಿ, ಗೋವೆಯ ಕಡಲ ತೀರದಲ್ಲಿ ಇದೇ ಪಟ್ಟಿ ಇರುತ್ತದೆ. ಕೊನೆಗೆ ಅತ್ತೆ ಮೊಸರನ್ನ ಕೇಳಿದಳು. ಬಂತು. ಉದ್ದಕ್ಕೆ ಬಿಡಿಬಿಡಿಯಾಗಿ ಬೆಂದ ಬಾಸ್ಮತಿ ಅಗುಳು, ಮೇಲೆ ಮೊಸರು, ದಾಳಿಂಬೆ ಕಾಳು. ಅವಳು ಬೆರಳಿನಿಂದ ಒತ್ತಿ ಒತ್ತಿ ಕಲಸಲು ನೋಡಿದಳು. ಅಗುಳು ಮುರಿಯಿತೇ ಹೊರತು ಮೊಸರಿನೊಂದಿಗೆ ಕೂಡಿಕೊಳ್ಳಲಿಲ್ಲ. ಬಡಿಸುವ ಹುಡುಗನನ್ನು ಕರೆದು ಮರಾಠಿಯಲ್ಲಿ ಯಾವ ಅಕ್ಕಿ ಎಂದು ಕೇಳಿದಳು. "ಬಾಸ್ಮತಿ, ಆಜಿ" ಅಂದ. ನಿಮ್ಮ ಮನೆಯಲ್ಲಿ ಯಾವುದು ಉಣ್ಣುತ್ತೀರಿ ಎಂದದ್ದಕ್ಕೆ, ಮೇಲಿನ ಹಳ್ಳಿಯವನು ತಾನು, ಮನೆಯಲ್ಲಿ ಇಂದ್ರಾಯಣಿ ಬೆಳೆಯುತ್ತೇವೆ ಅಂದ.

ಹುಡುಗನ ಆ ಉತ್ತರದಲ್ಲೇ ನನ್ನ ವಾದವೆಲ್ಲ ಇದೆ. ಯಾಕೆಂದರೆ ಆ ದಂಡೆ ಸಾಮಾನ್ಯ ದಂಡೆಯಲ್ಲ. ಕಿರಿಯರು ಯಾವ ನೀರಿನ ನೋಟಕ್ಕೆ ಹೋಗುತ್ತೇವೆ ಎನ್ನುತ್ತಾರೋ ಆ ನೀರಿನ ಅಡಿಯಲ್ಲಿ ಭತ್ತದ ಗದ್ದೆಗಳಿವೆ. ಮುಳಾ ನದಿಗೆ ಅಣೆಕಟ್ಟು ಕಟ್ಟಿ, ನೀರನ್ನು ಘಟ್ಟದ ಪಡುವಣಕ್ಕೆ ಭೀರಾದ ವಿದ್ಯುದಾಗಾರಕ್ಕೆ ಇಳಿಸಿ, ಮುಂಬೈಗೆ ಕರೆಂಟು ಕೊಡುವ ಯೋಜನೆ ಟಾಟಾ ಕಂಪನಿಯದು. ಅದಕ್ಕಾಗಿ ಮುಳಶಿ ಕಣಿವೆಯ ಸುಮಾರು 50 ಹಳ್ಳಿಗಳ ಮೇಲೆ ಮುಳುಗಡೆಯ ತೂಗುಕತ್ತಿ ಬಂತು. 1921ರಲ್ಲಿ ಅಲ್ಲಿಯ ರೈತರು, ಮಾವಳರು, ಸತ್ಯಾಗ್ರಹಕ್ಕೆ ಇಳಿದರು. ಪಾಂಡುರಂಗ ಮಹಾದೇವ ಬಾಪಟರು ಅದರ ಮುಂದಾಳು. ಅವರನ್ನು ಜನ ಸೇನಾಪತಿ ಎಂದು ಕರೆಯತೊಡಗಿದ್ದೇ ಈ ಹೋರಾಟದಿಂದ. ಮೂರು ವರ್ಷ ನಡೆದ ಹೋರಾಟ ಸೋತಿತು, ಅಣೆಕಟ್ಟು ನಿಂತಿತು. ಅಣೆಕಟ್ಟಿನ ವಿರುದ್ಧ ರೈತರು ಎದ್ದದ್ದರಲ್ಲಿ ನಮ್ಮ ದೇಶದ ಬಹಳ ಹಳೆಯ ಅಧ್ಯಾಯ ಅದು. ನರ್ಮದೆಗಿಂತ ಅರವತ್ತು ವರ್ಷಕ್ಕೂ ಹಿಂದಿನದು.

ಮುಳುಗಿದ ಕಣಿವೆಯ ಹೆಸರಾದ ಬೆಳೆ ಅಂಬೆಮೊಹರ. ಮಾವಿನ ಹೂವಿನ ಪರಿಮಳದ ಗಿಡ್ಡ ಅಕ್ಕಿ. ಬೇಯುತ್ತಿದ್ದಂತೆ ಮನೆಯೆಲ್ಲ ಗಮ್ಮೆನ್ನುತ್ತದೆ. ಬೆಂದ ಮೇಲೆ ಮೃದುವಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ವರಣ–ಭಾತ್ ತುಪ್ಪಕ್ಕೆ, ಕೂಸಿಗೆ ಮೊದಲ ಅನ್ನಕ್ಕೆ, ಜ್ವರ ಬಿಟ್ಟವರ ಗಂಜಿಗೆ ಮರಾಠಿ ಮನೆಗಳು ನೆಚ್ಚಿದ್ದು ಇದನ್ನೇ. ಪೈರು ಎತ್ತರ ಬೆಳೆದು ಗಾಳಿಮಳೆಗೆ ಮಲಗಿಬಿಡುತ್ತದೆ, ಇಳುವರಿ ಕಮ್ಮಿ. ಹಾಗಾಗಿ ವಡಗಾಂವ್ ಮಾವಳದ ಸಂಶೋಧನಾ ಕೇಂದ್ರದವರು ಇದನ್ನು ಐಆರ್-8ರೊಡನೆ ಕೂಡಿಸಿ ಇಂದ್ರಾಯಣಿ ತಳಿ ತೆಗೆದರು; 1987ರಲ್ಲಿ ಅದು ರೈತರ ಕೈಗೆ ಬಂತು. ಇಂದು ಮಾವಳ, ಮುಳಶಿ ಕಡೆಯ ಗದ್ದೆಗಳಲ್ಲಿ ಹೆಚ್ಚಾಗಿ ಕಾಣುವುದು ಇಂದ್ರಾಯಣಿ. ಅಂಗಡಿಯಲ್ಲಿ ಅಂಬೆಮೊಹರ ಎಂದು ಕೊಡುವುದೆಲ್ಲ ಈ ಕಣಿವೆಯದಲ್ಲ, ಹೊರರಾಜ್ಯದ ಅದೇ ಗಾತ್ರದ ಅಕ್ಕಿಯೂ ಆ ಹೆಸರಿನಲ್ಲಿ ಬರುತ್ತದೆ. ಮುಳಶಿಯ ಅಂಬೆಮೊಹರಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಸಿಗದೆ ಇರುವುದು ಕಣಿವೆಯ ದಂಡೆಯಲ್ಲೇ ಇರುವ ಹೋಟೆಲಿನ ತಟ್ಟೆಯಲ್ಲಿ ಒಂದು ಜಾಗ. ಗದ್ದೆ ಮುಳುಗಿಸಿದ ನೀರನ್ನು ನೋಡಲು ದುಡ್ಡು ಕೊಟ್ಟು ಕೂತವರಿಗೆ, ಆ ಗದ್ದೆಯ ಅನ್ನವನ್ನೇ ಮರೆಮಾಚಿ, ಹಿಮಾಲಯದ ತಪ್ಪಲಿನ ಅಕ್ಕಿ ಬಡಿಸುವುದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಇನ್ನೊಂದು ದಿಕ್ಕಿಗೆ ಬನ್ನಿ. ಹಡಪ್ಸರ್ ದಾಟಿ ದಿವೆ ಘಾಟು ಹತ್ತಿದರೆ ಸಾಸವಡದ ದಾರಿಯಲ್ಲಿ ಜಾಧವಗಢ. ಛತ್ರಪತಿ ಶಾಹೂ ಮಹಾರಾಜರ ಸರದಾರ ಪಿಲಾಜಿ ಜಾಧವರಾವ್ 1710ರಲ್ಲಿ ಕಟ್ಟಿಸಿದ ಗಢಿ. ಅದನ್ನು ಪಂಚತಾರಾ ಮಾದರಿಯ ಹೋಟೆಲಾಗಿ ಎಬ್ಬಿಸಿದವರು ವಿಠ್ಠಲ ಕಾಮತ್. ಕಾರವಾರದ ಕಡೆಯಿಂದ ಮುಂಬೈಗೆ ಬಂದು ಹೋಟೆಲು ಉದ್ಯಮ ಕಟ್ಟಿದ ವೆಂಕಟೇಶ ಕಾಮತರ ಮಗ. ಪಾಳು ಬೀಳಬೇಕಿದ್ದ ಗೋಡೆಗಳು ನಿಂತುಕೊಂಡವು, ಅದು ಸಣ್ಣ ಮಾತಲ್ಲ. ಅಲ್ಲಿಯ ಅಡಿಗೆಯ ಬಗ್ಗೆ ಇಲ್ಲಿ ತೀರ್ಪು ಕೊಡುತ್ತಿಲ್ಲ. ಹೇಳಬೇಕಾದದ್ದು ಸುತ್ತಲಿನ ನೆಲದ ಬಗ್ಗೆ. ಇದು ಪುರಂದರ ಸೀಮೆ. ಪುರಂದರದಾಸರ ಮೂಲ ಇದೇ ಪುರಂದರಗಡ ಎಂಬ ನಂಬಿಕೆ ಬಹುಕಾಲದಿಂದ ಇದೆ, ಮಲೆನಾಡಿನ ಆರಗ ಎನ್ನುವ ವಾದವೂ ಇದೆ. ಹೇಗಾದರೂ ಕನ್ನಡಿಗರಿಗೆ ಹೊರಗಿನ ಹೆಸರಲ್ಲ. ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತು ಬಂದಿದೆ. ವರ್ಷಕ್ಕೆ ಎರಡು ಬಹಾರು: ಚಳಿಗಾಲದ್ದು ಖಟ್ಟಾ, ಬೇಸಿಗೆಗೆ ತಾಗಿದ್ದು ಮೀಠಾ. ಹಣ್ಣಾದ ಅಂಜೂರ ದೂರ ಪ್ರಯಾಣ ತಡೆಯುವುದಿಲ್ಲ, ಕಿತ್ತ ಒಂದೆರಡು ದಿನದಲ್ಲಿ ತಿನ್ನಬೇಕು. ಮಳೆಗಾಲ ಕಳೆಯುವ ಹೊತ್ತಿಗೆ ಸಾಸವಡದ ಸೀತಾಫಲ. ಮುಂಬೈ, ದಿಲ್ಲಿಯ ಅತಿ ದೊಡ್ಡ ಹೋಟೆಲು ಎಷ್ಟು ದುಡ್ಡು ಚೆಲ್ಲಿದರೂ ಗಿಡದಲ್ಲೇ ಪೂರ್ತಿ ಮಾಗಿದ ಅಂಜೂರವನ್ನು ಅದೇ ದಿನ ಕೊಡಲಾರದು. ಹಳ್ಳಿಗಾಡಿನ ಹೋಟೆಲಿಗೆ ಅದು ಸಾಧ್ಯ. ಊರು ಬಿಟ್ಟು ಇಷ್ಟು ದೂರ ಬರುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇರೆ ಏನಿದೆ? ನಾನು ಉಂಡ ಇಂಥ ಎಷ್ಟೋ ಮೇಜುಗಳಲ್ಲಿ ಮಾತ್ರ ಕೊನೆಗೆ ಬಂದದ್ದು ಚಾಕೊಲೇಟ್ ಬ್ರೌನಿ.

ಹೋಟೆಲಿನವರು ಇದಕ್ಕೆ ಕೊಡುವ ಉತ್ತರ ಗೊತ್ತಿದೆ: ಗಿರಾಕಿ ಕೇಳುವುದನ್ನು ಕೊಡುತ್ತೇವೆ, ಇಂದ್ರಾಯಣಿ ಅನ್ನ ಇಟ್ಟರೆ ಯಾರು ತಿನ್ನುತ್ತಾರೆ? ಈ ಮಾತು ಪುಣೆಯಲ್ಲಿ ನಿಲ್ಲುವುದಿಲ್ಲ. ಚಳಿಗಾಲ ಬಂತೆಂದರೆ ಊರಿಗೆ ಊರೇ ಹುರಡಾ ಪಾರ್ಟಿಗೆ ಹೊರಡುತ್ತದೆ. ನಾವು ಸೀತನಿ ಎನ್ನುವುದು ಅದನ್ನೇ. ಹಾಲುಗಾಳು ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ಉದುರಿಸಿ, ಶೇಂಗಾ ಚಟ್ನಿ, ಬೆಲ್ಲದ ಜೊತೆ ಕೊಡುತ್ತಾರೆ. ಇದಕ್ಕಾಗಿ ಕಾರು ಓಡಿಸಿಕೊಂಡು ಹೋಗಿ, ತಲೆಗೆ ಇಷ್ಟು ಎಂದು ದುಡ್ಡು ಕೊಟ್ಟು, ಹೊಲದಲ್ಲಿ ಚಾಪೆಯ ಮೇಲೆ ಕೂತು ತಿನ್ನುವವರು ಐಟಿ ಕಂಪನಿಯವರೇ. ಹಾಗಿದ್ದ ಮೇಲೆ ನೆಲದ ಊಟ ಯಾರಿಗೂ ಬೇಡ ಎನ್ನುವುದು ಹೇಗೆ?

ಇನ್ನೂ ಹಳೆಯ ಸಾಕ್ಷಿ ನಮ್ಮವರದೇ. ಕರ್ನಾಟಕದ ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು 1950ರ ದಶಕದ ಆರಂಭದಲ್ಲಿ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ಹೋಟೆಲು ಹಿಡಿದಾಗ ಪುಣೇಕರರು ಇಡ್ಲಿ ಸಾಂಬಾರ್ ಕೊಡಿ ಎಂದು ಸಾಲುಗಟ್ಟಿ ನಿಂತಿರಲಿಲ್ಲ. ಶೆಟ್ಟರು ತಮಗೆ ಗೊತ್ತಿದ್ದ ಅಡಿಗೆಯನ್ನು ಕೆಡಿಸದೆ, ದಿನ ತಪ್ಪದೆ ಮುಂದಿಟ್ಟರು. ವೈಶಾಲಿ, ರೂಪಾಲಿಗಳು ಊರಿನ ಹೆಗ್ಗುರುತಾದವು. 2023ರಲ್ಲಿ ಅವರು ತೀರಿಕೊಂಡಾಗ ಪುಣೆ ತನ್ನ ಮನೆಯ ಹಿರಿಯನನ್ನು ಕಳಕೊಂಡಂತೆ ದುಃಖಪಟ್ಟಿತು. ಗಿರಾಕಿಯ ನಾಲಿಗೆಗೆ ಕಲಿಯುವ ಶಕ್ತಿ ಇದೆ ಎಂದು ಅಂದಿನ ಸಾಮಾನ್ಯ ಹೋಟೆಲಿನವರು ನಂಬಿದ್ದರು. ಅವರಿಗಿಂತ ನೂರು ಪಟ್ಟು ಬಂಡವಾಳವಿರುವ ಇಂದಿನವರಿಗೆ ಆ ನಂಬಿಕೆ ಯಾಕಿಲ್ಲವೋ.

ಹೊರಗಿನ ಉದಾಹರಣೆಗಳೂ ಇವೆ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಸೀಮೆಯ ಹಳ್ಳಿಯಲ್ಲಿ ರೇಮಂಡ್ ಬ್ಲಾಂಕ್ 1984ರಲ್ಲಿ ತೆರೆದ ಹೋಟೆಲು ತನ್ನ ಹಿತ್ತಲ ತರಕಾರಿ ತೋಟದಿಂದಲೇ ಹೆಸರಾಯಿತು. ನಮ್ಮಲ್ಲೇ ಹಿಮಾಚಲದ ಕಸೌಲಿ ಹತ್ತಿರ ಪ್ರತೀಕ್ ಸಾಧು 2023ರಲ್ಲಿ ನಾರ್ ಎಂಬ ಪುಟ್ಟ ರೆಸ್ಟೋರೆಂಟು ತೆರೆದು ಹಿಮಾಲಯದ ಸೊಪ್ಪುಕಾಳುಗಳನ್ನೇ ಮೇಜಿಗೆ ತಂದಿದ್ದಾರೆ. ಊಟಕ್ಕಾಗಿಯೇ ಜನ ಬೆಟ್ಟ ಹತ್ತುತ್ತಾರೆ. ಕೊಡಗಿನ ಹೋಂಸ್ಟೇಗಳು ಯಾವ ಸದ್ದೂ ಇಲ್ಲದೆ ಕಡಂಬುಟ್ಟು, ನೂಲ್‌ಪುಟ್ಟು ಬಡಿಸುತ್ತ ಬಂದಿವೆ. ಸಹ್ಯಾದ್ರಿಯ ಈ ಮಗ್ಗುಲಲ್ಲಿ ಮಾತ್ರ ನೋಟಕ್ಕೆ ದುಡ್ಡು ಕೊಟ್ಟಿರಿ, ಊಟ ಹೇಗಿದ್ದರೇನು ಎಂಬ ಧೋರಣೆ.

ದುಡ್ಡಿನ ಮಾತು ಬಂದದ್ದರಿಂದ ಅದನ್ನೂ ಬಿಡಿಸಿ ನೋಡೋಣ. ದಿನದ ಕೋಣೆ ಬಾಡಿಗೆ 7,500 ರೂಪಾಯಿ ಮೀರಿದ ಹೋಟೆಲಿನೊಳಗಿನ ರೆಸ್ಟೋರೆಂಟಿನಲ್ಲಿ ಊಟದ ಮೇಲೆ 18 ಶೇಕಡ ಜಿಎಸ್‌ಟಿ. ಊರೊಳಗಿನ ಸಾಮಾನ್ಯ ಹೋಟೆಲಿನಲ್ಲಿ 5. ಅದರ ಮೇಲೆ ಸೇವಾ ಶುಲ್ಕ ಸೇರಿಸಿರುತ್ತಾರೆ. ಗಿರಾಕಿಯ ಒಪ್ಪಿಗೆ ಇಲ್ಲದೆ ಅದನ್ನು ಬಿಲ್ಲಿಗೆ ಹಾಕಬಾರದೆಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿತ್ತು, ದಿಲ್ಲಿ ಹೈಕೋರ್ಟು 2025ರಲ್ಲಿ ಅದನ್ನು ಎತ್ತಿಹಿಡಿಯಿತು. ಸಂಭ್ರಮದ ರಾತ್ರಿ ಇದನ್ನೆಲ್ಲ ಕೇಳಲು ನಮಗೆ ಮುಜುಗರ. ಹಿರಿಯರ ಮುಂದೆ ಬಿಲ್ಲು ಹಿಡಿದು ತಕರಾರು ತೆಗೆಯಬಾರದು ಎಂಬ ಮರ್ಯಾದೆ. ರೋಟಿ ಆರಿದೆ ಎಂದು ಹೇಳಲೂ ಅದೇ ಮರ್ಯಾದೆ ಅಡ್ಡ ಬರುತ್ತದೆ. ಓಣಿಯ ಖಾನಾವಳಿಯಲ್ಲಿ ಭಾಕರಿ ಆರಿದ್ದರೆ ಎಬ್ಬಿಸಿ ಕೇಳುವ ನಾವು, ಅದರ ಇಪ್ಪತ್ತು ಪಟ್ಟು ತೆತ್ತ ಕಡೆ ಎಲ್ಲ ಚೆನ್ನಾಗಿತ್ತು ಎಂದು ಕೈಮುಗಿದು ಬರುತ್ತೇವೆ. ಊಟ ಮುಖ್ಯವಲ್ಲ ಎಂದು ಮೊದಲೇ ಒಪ್ಪಿಕೊಂಡು ಹೋಗಿದ್ದರ ಫಲ ಇದು. ಅಡಿಗೆಮನೆಯವರಿಗೂ ಇದರಿಂದ ನಷ್ಟ. ಹೇಳಿ ಕೇಳುವವರಿಲ್ಲದ ಕಡೆ ಒಳ್ಳೆಯ ಬಾಣಸಿಗನ ಕೈಯೂ ಜಡವಾಗುತ್ತದೆ. ಬಡಿಸುವ ಹುಡುಗ ತನ್ನ ಹೊಲದ ಅಕ್ಕಿಯ ಹೆಸರು ಹೇಳಲು ಹಿಂಜರಿಯುತ್ತಾನೆ.

ಆದ್ದರಿಂದ ಹೋಗಿ, ಖಂಡಿತ ಹೋಗಿ. ಮನೆಯಲ್ಲಿ ಕಡೆಯ ಪಂಕ್ತಿಯವರಿದ್ದರೆ ಅವರನ್ನೇ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ. ಮೇಜು ಕಾಯ್ದಿರಿಸುವಾಗ ಕೇಕಿನ ಮೇಲೆ ಬರೆಯಬೇಕಾದ ಹೆಸರು ಹೇಳಿ ಫೋನು ಇಡಬೇಡಿ. ಅಡಿಗೆಮನೆಯ ಮುಖ್ಯಸ್ಥರನ್ನು ಕರೆಯಲು ಹೇಳಿ. ಅನ್ನ ಯಾವ ಅಕ್ಕಿಯದು, ಈ ತಿಂಗಳು ಸುತ್ತಲ ಹೊಲದಲ್ಲಿ ಏನು ಬಂದಿದೆ, ಕೇಕಿನ ಹಾಡು ಊಟ ಮುಗಿದ ಮೇಲೆ ಇಟ್ಟುಕೊಳ್ಳಬಹುದೇ ಎಂದು ಕೇಳಿ. ಇಂದ್ರಾಯಣಿ ಇಲ್ಲ ಎಂದರೆ ಎರಡು ದಿನ ಮುಂಚೆ ಹೇಳುತ್ತಿದ್ದೇವೆ, ತರಿಸಿ ಎನ್ನಿ. ಗುಲಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆಗಟ್ಟಲೆ ಸಿಗುತ್ತದೆ, ಬಾಸ್ಮತಿಗಿಂತ ಅಗ್ಗವೂ ಹೌದು.